ಮೋಲ್ಡ್ ಮುಟ್ಟದ ಗೋಡೆ

೧೯೯೪ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು ಅರ್ಧ ಆಗಿತ್ತು. ಅದಕ್ಕೆ ದೊಡ್ಡ ಕತೆ ಏನೂ ಇಲ್ಲ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಮೇಷ್ಟ್ರು ಹೊಡೆದು ಓಡಿಸಿರಲೂ ಇಲ್ಲ. ದಸರಾ ರಜೆಯಲ್ಲಿ ಬನ್ನಿಮಂಟಪದ ಕಡೆ ಸುಣ್ಣ ಬಳಿಯುವ ಮೇಸ್ತ್ರಿಯೊಬ್ಬರ ಜೊತೆ ಕೆಲಸಕ್ಕೆ ಹೋದೆ. ರಜೆ ಮುಗಿಯಿತು, ಕೆಲಸ ಮುಗಿಯಲಿಲ್ಲ. ಯಾರಾದರೂ ಎಲ್ಲಿಯವರೆಗೆ ಓದಿದ್ದೀರಿ ಎಂದು ಕೇಳಿದರೆ 'ದಸರಾ ರಜೆವರೆಗೆ' ಎನ್ನುತ್ತೇನೆ. ನಗುವವರು ನಗುತ್ತಾರೆ. ನಗದವರು ಸಾಮಾನ್ಯವಾಗಿ ಎಂಜಿನಿಯರುಗಳಾಗಿರುತ್ತಾರೆ.

ಸುಣ್ಣದಿಂದ ಪಿಓಪಿಗೆ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕೆಲಸಕ್ಕೆ, ಬಂದೆ, ಪಿಓಪಿಯಿಂದ ಜಿಪ್ಸಮ್ ಬೋರ್ಡಿಗೆ. ಈಗ ತಾರಸಿಯ ಕೆಳಗೆ ತೂಗುಹಾಕುವ ಫಾಲ್ಸ್ ಸೀಲಿಂಗು, ಪಾರ್ಟಿಷನ್ ಗೋಡೆ ನನ್ನ ಕಸುಬು. ಮೈಸೂರಿನಲ್ಲಿ ತಲೆ ಎತ್ತಿ ನೋಡುವ ಅಭ್ಯಾಸ ಇರುವವರಿಗೆ ನನ್ನ ಕೆಲಸ ಕಂಡೇ ಇರುತ್ತದೆ. ಕಂಡಿಲ್ಲ ಎಂದರೆ ತಲೆ ಎತ್ತಿಲ್ಲ ಎಂದರ್ಥ.

ಪಾರ್ಟಿಷನ್ ಗೋಡೆ ಎಂದರೆ ಇಟ್ಟಿಗೆಯದಲ್ಲ. ತಗಡಿನ ಚಾನೆಲ್ ನಿಲ್ಲಿಸಿ, ಎರಡು ಕಡೆಗೂ ಬೋರ್ಡು ಹೊಡೆದು, ನಡುವೆ ಗ್ಲಾಸ್‌ವೂಲ್ ಎಂಬ ಹತ್ತಿಯಂಥ ಹಾಸು ತುಂಬಿ ಪೇಂಟು ಬಳಿದರೆ ಒಂದು ಕೋಣೆ ಎರಡಾಗುತ್ತದೆ. ಆದರೆ ಅದು ಕಣ್ಣಿಗೆ ಮಾತ್ರ ಎರಡು. ಕಿವಿಗೂ ಎರಡಾಗಬೇಕಾದರೆ ಆ ಗೋಡೆ ಫಾಲ್ಸ್ ಸೀಲಿಂಗನ್ನು ದಾಟಿ ಮೇಲೆ ಹೋಗಿ ಮೋಲ್ಡನ್ನು, ಅಂದರೆ ತಾರಸಿಯ ಕಾಂಕ್ರೀಟನ್ನು, ಮುಟ್ಟಬೇಕು. ಮುಟ್ಟಿದ ಕಡೆ ಉಳಿಯುವ ಸಂದಿಗೆ ರಬ್ಬರಿನಂತೆ ಮೆತ್ತಗಿರುವ ಸೀಲೆಂಟ್ ತುಂಬಬೇಕು. ಸಿಮೆಂಟು ಮೆತ್ತಿದರೆ ನಾಲ್ಕು ಬಿಸಿಲಿಗೆ ಬಿರುಕು ಬಿಡುತ್ತದೆ. ಬೆರಳು ತೂರದ ಬಿರುಕಿನಲ್ಲೂ ಗಂಡ ಹೆಂಡಿರ ಜಗಳ ಸಲೀಸಾಗಿ ತೂರುತ್ತದೆ.

ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಕೇಳುತ್ತಾರೆ: 'ಸೀಲಿಂಗ್ ಮೇಲೆ ಯಾರಿಗೂ ಕಾಣಲ್ವಲ್ಲ, ಅಲ್ಯಾಕ್ರೀ ಗೋಡೆ?' ಅಲ್ಲಿಗೆ ಗೋಡೆ ಸೀಲಿಂಗಿನ ಕೆಳಗೇ ನಿಲ್ಲುತ್ತದೆ. ಒಬ್ಬ ವಕೀಲರು ತಮ್ಮ ಕೋಣೆಯನ್ನು ಹಾಗೇ ಮಾಡಿಸಿಕೊಂಡರು. ಒಳಗೆ ಅವರು ಕಕ್ಷಿದಾರನಿಗೆ ಹೇಳಿಕೊಟ್ಟದ್ದನ್ನು ಹೊರಗೆ ಬೆಂಚಿನ ಮೇಲೆ ಕೂತ ಎದುರು ಕಡೆಯವನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದನಂತೆ. ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಒಳಗೆ ಡ್ರಿಲ್ ಕೂಗಿದ ತಕ್ಷಣ ಹೊರಗೆ ಕಾಯುವವರಲ್ಲಿ ಒಬ್ಬರೋ ಇಬ್ಬರೋ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು, ಹಲ್ಲುನೋವು ವಾಸಿಯಾಯಿತೆಂದು. ಇವರೆಲ್ಲ ಓದಿದವರು. ಗೋಡೆಗೆ ಯಾವ ಬಣ್ಣ ಎಂಬುದನ್ನು ಒಂದು ತಿಂಗಳು ಯೋಚಿಸಿ ಆರಿಸಿದವರು.

ಇಷ್ಟು ಬಲ್ಲವನ ಸ್ವಂತ ಮನೆ ಹೇಗಿರಬೇಕು? ಭರ್ಜರಿಯಾಗಿತ್ತು. ಬೋಗಾದಿಯಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿದಾಗ ಹಾಲ್‌ನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹಾಸಿನ ಸೀಲಿಂಗ್ ಮಾಡಿದೆ. ನಟ್ಟನಡುವೆ ಒಂದು ಕಮಲ. ಒಂದೊಂದು ಎಸಳಿನ ಹಿಂದೆಯೂ ಲೈಟು. ಕೆಲಸ ಕೊಡುವವರನ್ನು ಮನೆಗೇ ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಸ್ವಿಚ್ಚು ಒತ್ತುತ್ತಿದ್ದೆ. ಅವರ ಬಾಯಿ ತೆರೆದುಕೊಳ್ಳುವುದನ್ನು ನೋಡುವುದು ನನಗೆ ಊಟಕ್ಕಿಂತ ಹೆಚ್ಚು.

ಆಮೇಲೆ ಮಗಳು ನರ್ಸಿಂಗ್ ಮುಗಿಸಿ ಆಸ್ಪತ್ರೆಗೆ ಸೇರಿದಳು. ನೈಟ್ ಡ್ಯೂಟಿ ಬಂತು. ರಾತ್ರಿಯೆಲ್ಲ ಕೆಲಸ ಮಾಡಿ ಬೆಳಿಗ್ಗೆ ಬಂದು ಮಲಗುವವಳಿಗೆ ಒಂದು ರೂಮು ಬೇಕೆಂದಾಯಿತು. ಹಾಲ್‌ಗೆ ಅಡ್ಡಲಾಗಿ ಪಾರ್ಟಿಷನ್ ನಿಲ್ಲಿಸಿದೆ. ಆದರೆ ಸೀಲಿಂಗ್ ಆಗಲೇ ಇತ್ತಲ್ಲ. ಗೋಡೆಯನ್ನು ಮೋಲ್ಡ್‌ವರೆಗೆ ಒಯ್ಯಬೇಕೆಂದರೆ ಕಮಲದ ಒಂದು ಪಕ್ಕ ಒಡೆಯಬೇಕು. ಒಡೆಯಲಿಲ್ಲ. ಗೋಡೆಯನ್ನು ಸೀಲಿಂಗಿನ ಹೊಟ್ಟೆಗೆ ತಂದು ನಿಲ್ಲಿಸಿ, ಸಂದಿ ಕಾಣದಂತೆ ಪಟ್ಟಿ ಹೊಡೆದು, ನುಣ್ಣಗೆ ಪೇಂಟು ಬಳಿದೆ. ಯಾರೂ ಒಂದು ಕುಂದು ಹೇಳುವ ಹಾಗಿರಲಿಲ್ಲ. ಇದನ್ನು ತಪ್ಪು ಎನ್ನುವವರು ಮೊದಲು ಅಂಥದೊಂದು ಕಮಲ ಮಾಡಿ ನೋಡಲಿ, ಆಮೇಲೆ ಮಾತಾಡೋಣ.

ಮಾತಿಗೆ ಮಾತ್ರ ಪೇಂಟಿನ ಮೇಲೆ ಗೌರವವಿಲ್ಲ. ಹಾಲ್‌ನಲ್ಲಿ ಆಡಿದ್ದು ತೆಳ್ಳಗಿನ ಸೀಲಿಂಗ್ ಬೋರ್ಡಿನಲ್ಲಿ ತೂರಿ ಮೇಲಕ್ಕೆ ಹೋಗುತ್ತದೆ, ಅಲ್ಲಿನ ಖಾಲಿ ಜಾಗದಲ್ಲಿ ಗೋಡೆಯ ತಲೆ ದಾಟುತ್ತದೆ, ಆ ಕಡೆ ರೂಮಿಗೆ ಇಳಿಯುತ್ತದೆ. ಮಗಳು ಬೆಳಿಗ್ಗೆ ಬಂದು ಮಲಗಿದರೆ ಅವಳ ತಲೆಯ ಮೇಲೆ ಮಿಕ್ಸಿ, ಕುಕ್ಕರು, ಸೀರಿಯಲ್ಲಿನ ಅತ್ತೆ, ಫೋನಿನಲ್ಲಿ ಗ್ಲಾಸ್‌ವೂಲ್ ಚೌಕಾಸಿ ಮಾಡುವ ನಾನು, ಎಲ್ಲರೂ ಒಟ್ಟಿಗೆ ಇಳಿಯುತ್ತಿದ್ದೆವು. ಕಣ್ಣು ಕೆಂಪಗೆ ಮಾಡಿಕೊಂಡು ಆಚೆ ಬರುತ್ತಿದ್ದಳು.

'ಅಪ್ಪ, ಈ ಗೋಡೆ ಫೋಟೋಗೆ ಮಾತ್ರ ಚೆನ್ನಾಗೈತೆ.'

'ಇನ್ನೊಂದು ಪದರ ಬೋರ್ಡು ಹೊಡೀತೀನಿ ಬುಡವ್ವ.'

ಹೊಡೆದೆ. ದಪ್ಪನೆಯ ಪರದೆ ಹಾಕಿಸಿದೆ. ನನ್ನ ಭಾಮೈದ ಬಂದು, 'ಭಾವ, ಹಾಡು ರೆಕಾರ್ಡ್ ಮಾಡೋ ಕಡೆ ಗೋಡೆಗೆ ಮೊಟ್ಟೆ ಟ್ರೇ ಅಂಟಿಸ್ತಾರೆ' ಎಂದ. ಅವನು ಯಾವ ಹಾಡು ರೆಕಾರ್ಡ್ ಮಾಡಿದ್ದನೋ ಕಾಣೆ. ಅಂಗಡಿಯಿಂದ ಟ್ರೇ ತಂದು ಅಂಟಿಸಿದೆವು.

'ಮೊದಲು ಸದ್ದು ಮಾತ್ರ ಬರ್ತಿತ್ತು. ಈಗ ಕೋಳಿ ಅಂಗಡಿ ವಾಸನೆನೂ ಬರ್ತದೆ' ಎಂದಳು ಮಗಳು.

ಟ್ರೇ ಕಿತ್ತೆವು. ಒಟ್ಟಿನಲ್ಲಿ ಮಾಡಬೇಕಾದ ಒಂದನ್ನು ಬಿಟ್ಟು ಮಿಕ್ಕೆಲ್ಲ ಮಾಡಿದೆ. ರಾಜೀವನಗರದಲ್ಲಿ ಟ್ಯೂಷನ್ ಸೆಂಟರ್ ತೆರೆಯುವವರೊಬ್ಬರು ಕೆಲಸ ನೋಡಲು ಮನೆಗೆ ಬಂದಾಗ ಕಮಲ ತೋರಿಸಿದೆ, ಗೋಡೆ ತೋರಿಸಿದೆ.

'ಸೌಂಡ್ ಪ್ರೂಫಾ?' ಎಂದರು.

'ನೂರಕ್ಕೆ ನೂರು ಸಾರ್.'

'ಅಲ್ಲ ಅಂಕಲ್' ಎಂದಿತು ಗೋಡೆಯ ಆ ಕಡೆಯಿಂದ ನಿದ್ದೆಗಣ್ಣಿನ ದನಿ.

ಅವರು ನಕ್ಕು ಕೆಲಸವನ್ನೇನೋ ಕೊಟ್ಟರು. ಆದರೆ ಅವರ ಗೋಡೆ ಮೋಲ್ಡ್ ಮುಟ್ಟುವವರೆಗೂ ನನ್ನ ಏಣಿಯ ಪಕ್ಕದಿಂದ ಕದಲಲಿಲ್ಲ.

ಇಂಥ ಮನೆಗೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರತೊಡಗಿದರು. ಸಂಬಂಧ ತರುತ್ತಿದ್ದವರು ನನ್ನ ಹೆಂಡತಿಯ ಚಿಕ್ಕಮ್ಮ. ಮಗಳು ಅವರಿಗೂ ನಮಗೂ ಒಂದೇ ಮಾತು ಹೇಳಿದ್ದಳು: 'ಯಾರನ್ನಾದ್ರೂ ತನ್ನಿ. ನಾನು ಕೆಲಸ ಬಿಡಲ್ಲ. ನೈಟ್ ಡ್ಯೂಟಿ ಬಂದಾಗ ನೈಟ್ ಡ್ಯೂಟಿಗೆ ಹೋಗ್ತೀನಿ, ಹಗಲು ಮಲಗ್ತೀನಿ. ಅದನ್ನ ಮೊದಲೇ ಹೇಳಿಬುಡಿ.' ಚಿಕ್ಕಮ್ಮ ಹೇಳುತ್ತಿದ್ದರು. ಎಲ್ಲರೂ ಅಯ್ಯೋ ಅದಕ್ಕೇನಂತೆ ಎನ್ನುತ್ತಿದ್ದರು.

ಮೊದಲು ಬಂದವರು ವಿಜಯನಗರದವರು. ಹುಡುಗ, ಅವನ ಅಪ್ಪ ಅಮ್ಮ, ಒಬ್ಬ ಸೋದರಮಾವ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಯಿತು. ಹುಡುಗ ಹುಡುಗಿ ಎರಡು ಮಾತಾಡಿದ್ದಾಯಿತು. ಆಮೇಲೆ ನಮ್ಮ ಕಡೆಯ ವಾಡಿಕೆಯಂತೆ ಸೋದರಮಾವ ಎದ್ದು, 'ನಾವು ನಮ್ಮಲ್ಲೇ ಒಂದು ನಿಮಿಷ ಮಾತಾಡ್ಕೊಂಡು ಬರ್ತೀವಿ' ಎಂದರು. ಹೆಣ್ಣಿನ ಮನೆಯವರು ಇಂಥ ಹೊತ್ತಿನಲ್ಲಿ ಒಂದು ಕೋಣೆ ಬಿಟ್ಟುಕೊಡಬೇಕು. ನಾನು ಮಗಳ ರೂಮಿನ ಬಾಗಿಲು ತೆರೆದು, 'ಆರಾಮಾಗಿ ಮಾತಾಡಿ, ನಮ್ಮದೇ ಕೈಗೆಲಸದ ಗೋಡೆ' ಎಂದೆ. ಬಾಗಿಲು ಹಾಕಿಕೊಂಡರು.

ಹಾಲ್‌ನಲ್ಲಿ ನಾನು, ನನ್ನ ಹೆಂಡತಿ, ಮಗಳು ಮೂವರೇ ಕೂತಿದ್ದೆವು. ಚಿಕ್ಕಮ್ಮ ಅಡುಗೆಮನೆಯಲ್ಲಿ ಕೇಸರಿಬಾತಿನ ಪಾತ್ರೆಯ ತಳ ವಿಚಾರಿಸಿಕೊಳ್ಳುತ್ತಿದ್ದರು. ಕಮಲದ ನಡುವಿನಿಂದ ಹುಡುಗನ ಅಮ್ಮನ ದನಿ ಇಳಿಯಿತು.

'ಹುಡ್ಗಿ ಪರವಾಗಿಲ್ಲ ಕಣ್ರೀ. ಆ ನೈಟ್ ಡ್ಯೂಟಿ ಒಂದೇ ನಂಗೆ ಸರಿ ಬರ್ತಿಲ್ಲ.'

'ಈಗ್ಲೇ ಬ್ಯಾಡ ಅಂದ್ರೆ ಸಂಬಂಧ ಕೈಬಿಟ್ಟೋಯ್ತದೆ' ಎಂದರು ಅಪ್ಪ. 'ಹೂಂ ಅಂದ್ಬುಡು. ಮದ್ವೆ ಆಗಿ ಒಂದಾರು ತಿಂಗ್ಳು ಹೋಗ್ಲಿ. ಆಮೇಲೆ ಬುಡ್ಸಿದ್ರಾಯ್ತು.'

'ಬುಡ್ಸೋದೇನು ಭಾವ, ಮಗು ಆದ್ರೆ ತಾನೇ ಬುಡ್ತಾಳೆ' ಎಂದರು ಸೋದರಮಾವ.

'ನನ್ನನ್ನೂ ಒಂದು ಮಾತು ಕೇಳ್ತೀರೇನೋ ಅಂತ...' ಎಂದ ಹುಡುಗ.

'ನೀನು ಸುಮ್ನಿರೋ, ದೊಡ್ಡೋರು ಮಾತಾಡ್ತಾವ್ರೆ.'

ನನ್ನ ಹೆಂಡತಿ ಮಗಳ ಮುಖ ನೋಡಿದಳು. ಮಗಳು ಕಾಫಿ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ಆಗ ಸೋದರಮಾವನ ದನಿ ಮತ್ತೆ ಬಂತು:

'ಅದೇನ್ರೀ ಆ ಸೀಲಿಂಗು! ಛತ್ರದ ಸ್ಟೇಜ್ ಮೇಲೆ ತಂದು ಕೂರಿಸ್ದಂಗಾಯ್ತು ನನ್ನ.'

'ಓದಿಲ್ವಲ್ಲ ಪಾಪ, ತೋರಿಸ್ಕೊಳ್ಳೋಕೆ ಇನ್ನೇನೈತೆ' ಎಂದರು ಹುಡುಗನ ಅಮ್ಮ.

ನಾನು ಎದ್ದುಬಿಟ್ಟೆ. ಹೆಂಡತಿ ನನ್ನ ಪಂಚೆಯ ಚುಂಗು ಹಿಡಿದು ಕೂರಿಸಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ನಾಲ್ವರೂ ಹಲ್ಲು ಕಾಣುವಂತೆ ನಗುತ್ತಾ ಬಂದು ಕೂತರು.

'ನಮ್ಮದೇನೂ ಅಭ್ಯಂತರ ಇಲ್ಲ' ಎಂದರು ಹುಡುಗನ ಅಪ್ಪ. 'ನರ್ಸ್ ಕೆಲಸ ಅಂದ್ರೆ ದೇವರ ಕೆಲಸ. ಅದರಲ್ಲಿ ಹಗಲು ರಾತ್ರಿ ನೋಡಕ್ಕಾಗ್ತದಾ?'

ಮಗಳು ಲೋಟಗಳನ್ನು ಎತ್ತಿಕೊಂಡು ಎದ್ದಳು. 'ಆರು ತಿಂಗಳು ದೇವರ ಕೆಲಸ. ಆಮೇಲೆ ಯಾರ ಕೆಲಸ ಅಂಕಲ್?'

ಸೋದರಮಾವ ನಿಧಾನವಾಗಿ ತಲೆ ಎತ್ತಿ ನನ್ನ ಕಮಲವನ್ನು ನೋಡಿದರು. ಆ ದಿನ ಅದನ್ನು ಸರಿಯಾಗಿ ನೋಡಿದವರು ಅವರೊಬ್ಬರೇ.

ಅವರು ಹೋದ ಮೇಲೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಗೋಡೆ ಮೋಲ್ಡ್‌ವರೆಗೆ ಹೋಗಲಿ, ಇಂಥ ಮಾತು ಇನ್ನೊಮ್ಮೆ ನನ್ನ ಕಿವಿಗೆ ಬೀಳುವುದು ಬೇಡ ಎಂದು. ಇಷ್ಟು ದಿನ ಸಂದಿ ಮುಚ್ಚಿ, ಸಂದಿ ಮುಚ್ಚಿ ಎಂದು ಪ್ರಾಣ ತಿಂದಿದ್ದ ಹೆಂಡತಿ ಈಗ ಅಡ್ಡ ನಿಂತಳು.

'ಮದುವೆ ಗೊತ್ತಾಗೋವರೆಗೂ ಅದನ್ನ ಮುಟ್ಟಬೇಡಿ. ಊರೋರೆಲ್ಲ ಗಂಡಿನ ಕಡೆಯೋರನ್ನ ವಿಚಾರಿಸೋಕೆ ಅವರ ಬೀದಿಗೆಲ್ಲ ಹೋಗಿ ಬರ್ತಾರೆ. ನಮಗೆ ಕೂತ ಕಡೆಗೇ ಬರ್ತದೆ.'

ನಾನು ಮಾಡಿದ ಗೋಡೆಗಳನ್ನು ಬಹಳ ಜನ ಹೊಗಳಿದ್ದಾರೆ. ಈ ರೀತಿ ಯಾರೂ ಹೊಗಳಿರಲಿಲ್ಲ. ಗೋಡೆಯನ್ನು ಹಾಗೇ ಬಿಟ್ಟೆ.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಯ ಹಾಲ್ ಎಷ್ಟು ಶಿಸ್ತಿನ ಜಾಗವಾಯಿತೆಂದರೆ ಹೇಳಬಾರದು. ಗಂಡಿನ ಕಡೆಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಕೂಡಲೇ ಹೆಂಡತಿ ಫ್ಯಾನು ಆರಿಸುತ್ತಿದ್ದಳು. ಚಿಕ್ಕಮ್ಮನಿಗೆ ವಿಷಯ ಹೇಳಿರಲಿಲ್ಲ, ಹೇಳಿದರೆ ಇಡೀ ಬೋಗಾದಿಗೆ ಹೇಳಿದಂತೆ; ಅವರನ್ನು ಬಟ್ಟೆ ತೆಗೆದುಕೊಂಡು ಬನ್ನಿ ಎಂದು ತಾರಸಿಗೆ ಕಳಿಸುತ್ತಿದ್ದೆವು. ನಾವು ಮೂವರು ದೇವರ ಮುಂದೆ ಕೂತವರ ಹಾಗೆ ಕೂತು ಮೇಲೆ ನೋಡುತ್ತಿದ್ದೆವು. ಒಬ್ಬರು ಒಳಗೆ ಹೋಗಿ, 'ಹುಡುಗಿ ಸ್ವಲ್ಪ ಗಟ್ಟಿ, ನಮ್ಮೋನು ಮೆತ್ತಗೆ, ಕಾಲಕ್ರಮೇಣ ಬಗ್ಗಿಸೋಣ' ಎಂದರು. ಇನ್ನೊಬ್ಬರು, 'ಹಗಲು ಮಲಗೋ ಸೊಸೇನ ಇಟ್ಕೊಂಡು ನೆಂಟರಿಗೆ ಏನು ಹೇಳೋದು' ಎಂದು ಚಿಂತಿಸಿದರು. ಎಲ್ಲರೂ ಹೊರಗೆ ಬಂದು ದೇವರ ಕೆಲಸ ಎಂದೇ ಹೇಳಿದರು. ನಾವು ನಮಸ್ಕಾರ ಮಾಡಿ ಕಳಿಸಿದೆವು.

'ನಿಮಗೆ ಅದೆಂಗೆ ಗೊತ್ತಾಯ್ತದೆ ಕಣೆ, ಮುಖ ನೋಡೇ ಹೇಳಿಬುಡ್ತೀರಲ್ಲ!' ಎಂದು ಚಿಕ್ಕಮ್ಮ ನನ್ನ ಹೆಂಡತಿಯನ್ನು ಕೇಳಿದರು.

'ಅನುಭವ ಚಿಕ್ಕಮ್ಮ' ಎಂದಳು ಇವಳು.

ನಗಾಡಿದ್ದು ನಾವಿಬ್ಬರು. ಮಗಳಿಗೆ ನಗು ಕಡಿಮೆಯಾಗುತ್ತಾ ಬಂತು. ಡ್ಯೂಟಿ ಮುಗಿಸಿ ಬಂದವಳು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಯ ಮೇಲೆ ದಿಂಬು ಹಾಕಿಕೊಂಡು ಮಲಗುತ್ತಿದ್ದಳು. ಒಂದು ಬೆಳಿಗ್ಗೆ ಎದ್ದು ಬಂದು ಹೇಳಿದಳು: 'ಅಮ್ಮ, ಗಂಡು ಹುಡುಕೋಕೆ ಆ ಸಂದಿ ಬೇಕು, ಸರಿ. ಅಪ್ಪಂಗೆ ಕಮಲ ಬೇಕು, ಸರಿ. ನಂಗೆ ನಿದ್ದೆ ಬೇಡ್ವಾ? ನಿನ್ನೆ ಡ್ಯೂಟಿಲಿ ಒಂದು ಪೇಷಂಟಿಗೆ ಇಂಜೆಕ್ಷನ್ ತುಂಬ್ತಾ ತೂಕಡಿಸಿಬಿಟ್ಟೆ. ಪಕ್ಕದಲ್ಲಿದ್ದ ಸಿಸ್ಟರ್ ನೋಡಿ ಕೈ ಹಿಡಿದ್ರು. ಇನ್ನೊಂದ್ಸಲ ಅಂಗಾದ್ರೆ ನೀವ್ಯಾರೂ ಕೆಲಸ ಬಿಡಿಸೋದು ಬೇಡ, ಅವರೇ ಬಿಡಿಸ್ತಾರೆ.'

'ಇದೊಂದು ಸಂಬಂಧ ನೋಡ್ಬುಡವ್ವ' ಎಂದೆ.

ಆ ಒಂದು ಸಂಬಂಧ ಬನ್ನಿಮಂಟಪದ ಹಿಂದಿನ ಒಂದು ಗಲ್ಲಿಯದು. ಹುಡುಗ ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್. ಅಪ್ಪ ಇಲ್ಲ. ತಾಯಿ ಮಗ ಇಬ್ಬರೇ ಬಂದರು, ಅದೂ ಆಟೋದಲ್ಲಿ ಅಲ್ಲ, ಅವನ ಹಳೆಯ ಬೈಕಿನಲ್ಲಿ. ಉಪ್ಪಿಟ್ಟು ತಿಂದರು. ಸೀಲಿಂಗ್ ಲೈಟು ಹಾಕಿದೆ. ಆ ತಾಯಿ ಒಮ್ಮೆ ಮೇಲೆ ನೋಡಿ, 'ಧೂಳು ಹೊಡೆಯೋದು ಕಷ್ಟ ಅಲ್ವಾ?' ಎಂದರು. ಅಲ್ಲಿಗೇ ನನಗೆ ಮನಸ್ಸು ಮುರಿಯಿತು. ಒಳಗೆ ಹೋಗಿ ಮಾತಾಡಿಕೊಳ್ಳಿ ಎಂದು ನನ್ನ ಹೆಂಡತಿಯೇ ಹೇಳಬೇಕಾಯಿತು. ಹೋದರು. ಫ್ಯಾನು ಆರಿತು. ಚಿಕ್ಕಮ್ಮ ತಾರಸಿಗೆ ಹೋದರು.

ಮೇಲಿನಿಂದ ಏನೂ ಬರಲಿಲ್ಲ. ಒಂದು ಪಿಸುಮಾತೂ ಇಲ್ಲ. ಕಾದೆವು. ಮಾತೇ ಬಾರದ ಗೋಡೆಯ ಮುಂದೆ ಕೂತು ನನಗೆ ಅಭ್ಯಾಸ ತಪ್ಪಿಹೋಗಿತ್ತು.

'ಏನ್ ಮಾತಾಡ್ತಾರೆ ಅವರು?' ಎಂದೆ. 'ಮಾತಾಡೋಕೆ ಏನೈತೆ? ಹಳೇ ಶೀಟಿನ ಮನೆಯಂತೆ. ಆ ಹುಡುಗನ ಉಗುರು ನೋಡಿದ್ಯಾ, ಗ್ರೀಸು. ನಾನು ಕಷ್ಟಪಟ್ಟು ಇಷ್ಟು ಮಾಡಿರೋದು, ಮಗಳನ್ನ ಗ್ರೀಸಿನೋನಿಗೆ ಕೊಡೋಕಾ?'

'ಮೆಲ್ಲಗ್ರೀ' ಎಂದಳು ಹೆಂಡತಿ.

'ಅಪ್ಪ' ಎಂದಳು ಮಗಳು.

'ಯಾಕೆ ಮೆಲ್ಲಗೆ? ನನ್ನ ಮನೇಲಿ ನಾನು ಮಾತಾಡೋಕೆ ಯಾರಪ್ಪಣೆ ಬೇಕು? ಆಯಮ್ಮಂಗೆ ಕಮಲ ಕಂಡ್ರೆ ಧೂಳು ಕಾಣ್ತದೆ. ಅಂಥ ಕಡೆ ಇವಳು...'

ಬಾಗಿಲು ತೆರೆಯಿತು. ಸದ್ದು ಈ ಕಡೆಯಿಂದ ಆ ಕಡೆಗೂ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಷ್ಟು ತಿಂಗಳು ಅದು ನಮ್ಮ ಕಡೆಗೇ ಬರುತ್ತಿದ್ದುದರಿಂದ ಹೋಗುವುದನ್ನು ಮರೆತಿದ್ದೆ.

ತಾಯಿ ಬಂದು ಕೂತು ಸೆರಗು ಸರಿಮಾಡಿಕೊಂಡರು. ಸಿಟ್ಟಿರಲಿಲ್ಲ.

'ಯಜಮಾನ್ರೇ, ನಮ್ಮದು ಶೀಟಿನ ಮನೆ ಅಲ್ಲ, ಹೆಂಚಿಂದು. ಯಾರೋ ನಿಮಗೆ ತಪ್ಪು ಹೇಳವ್ರೆ.'

ನಾನು ಉಪ್ಪಿಟ್ಟಿನ ತಟ್ಟೆಯಲ್ಲಿ ಕಡಲೆಬೇಳೆ ಹುಡುಕತೊಡಗಿದೆ. ಹುಡುಗ ನನ್ನ ಕಡೆ ನೋಡಲೇ ಇಲ್ಲ. ಅವನು ಮಗಳನ್ನು ಕೇಳಿದ: 'ಒಳಗೆ ಎಲ್ಲಾ ಕೇಳಿಸ್ತದೆ. ನೈಟ್ ಮುಗಿಸ್ಕೊಂಡು ಬಂದು ಇಲ್ಲಿ ಎಂಗೆ ನಿದ್ದೆ ಮಾಡ್ತೀರ?'

ಅದುವರೆಗೆ ನಮ್ಮ ಮನೆಗೆ ಬಂದ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಮನೆಯಲ್ಲಿದ್ದ ನಾವೂ ಕೇಳಿರಲಿಲ್ಲ.

'ಮಾಡಲ್ಲ' ಎಂದಳು ಮಗಳು.

'ನನಗೂ ತಿಂಗಳಲ್ಲಿ ಅರ್ಧ ನೈಟೇ' ಎಂದ ಅವನು. 'ಹಗಲು ನಿದ್ದೆ ಕೆಟ್ರೆ ಸ್ಪ್ಯಾನರ್ ಕೈಲಿ ನಿಲ್ಲಲ್ಲ.'

ಅವರು ಹೋದ ಮೇಲೆ ಮಗಳು ನನ್ನ ಮುಂದೆ ಬಂದು ನಿಂತಳು. 'ನನಗೆ ಒಪ್ಪಿಗೆ. ಅವರಿಗೆ ಈಗ ನಾವು ಒಪ್ಪಿಗೆಯೋ ಇಲ್ವೋ. ನೀನೇ ಹೋಗಿ ಕೇಳ್ಕೊಂಡು ಬಾ, ಅಪ್ಪ.'

'ನಾನು ಹೋಗಲ್ಲ.'

'ಸರಿ, ನಾನೇ ಹೋಗ್ತೀನಿ.'

ಹೆಣ್ಣೇ ಹೋಗಿ ಗಂಡಿನ ಮನೆ ಬಾಗಿಲು ತಟ್ಟಿದಳೆಂದು ಚಿಕ್ಕಮ್ಮ ಹೇಳಿಕೊಂಡು ತಿರುಗುವುದಕ್ಕಿಂತ ನಾನು ಹೋಗುವುದೇ ಮೇಲು ಎನಿಸಿತು. ಹೇಗಿದ್ದರೂ ಗಂಡಿನ ಮನೆ ನೋಡಿಬರುವುದು ನಮ್ಮಲ್ಲಿ ಶಾಸ್ತ್ರ. ಶಾಸ್ತ್ರಕ್ಕೆ ಹೋಗುತ್ತಿದ್ದೇನೆ, ಕೇಳಿಕೊಳ್ಳಲು ಅಲ್ಲ ಎಂದು ಹೆಂಡತಿಗೆ ದಾರಿಯುದ್ದಕ್ಕೂ ಹೇಳುತ್ತಾ ಹೋದೆ.

ಹೆಂಚಿನ ಮನೆಯೇ. ಎರಡು ಕೋಣೆ, ಒಂದು ಅಡುಗೆಮನೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಕಸುಬಿನ ಚಾಳಿಯಂತೆ ಮೇಲಕ್ಕೆ ಹೋಯಿತು. ಕೋಣೆಗಳ ನಡುವಿನ ಗೋಡೆ ಆಳೆತ್ತರಕ್ಕೆ ಬಂದು ನಿಂತಿತ್ತು. ಅದರ ಮೇಲೆ ಹೆಂಚಿನವರೆಗೆ ಬರೀ ಗಾಳಿ. ಒಂದು ಬೆಕ್ಕು ಗೋಡೆಯ ತಲೆಯ ಮೇಲೆ ಆರಾಮವಾಗಿ ಮಲಗಿತ್ತು. ನನಗೆ ಎಲ್ಲಿಲ್ಲದ ಧೈರ್ಯ ಬಂತು.

'ಈ ಗೋಡೆ ಮೇಲಿನವರೆಗೂ ಹೋಗಿಲ್ವಲ್ಲ!' ಎಂದೆ ಗಟ್ಟಿಯಾಗಿ.

ಆ ತಾಯಿ ತುಟಿಯ ಮೇಲೆ ಬೆರಳಿಟ್ಟರು. 'ಮೆಲ್ಲಗೆ. ನೈಟ್ ಮುಗಿಸಿ ಬಂದು ಮಲಗವ್ನೆ. ನಿಮ್ಮನೇದೂ ಹೋಗಿಲ್ವಲ್ಲ ಬೀಗ್ರೇ.'

ಬೀಗ್ರೇ ಎಂದರು. ನನ್ನ ಹೆಂಡತಿ ಚಾಪೆಯ ಮೇಲೆ ಕೂತೇ ಬಿಟ್ಟಳು, ಕೆಲಸ ಮುಗಿಯಿತೆಂಬಂತೆ. ನಾನು ಇನ್ನೂ ನಿಂತೇ ಇದ್ದೆ.

ಅವರು ಕಾಫಿ ಮಾಡುವುದನ್ನು ನೋಡಿದೆ. ಪಾತ್ರೆಯನ್ನು ಮಡಿಸಿದ ಬಟ್ಟೆಯ ಮೇಲೆ ಇಳಿಸುತ್ತಿದ್ದರು. ಲೋಟಕ್ಕೆ ಲೋಟ ತಾಗಲಿಲ್ಲ. ಒಗ್ಗರಣೆ, ಮಿಕ್ಸಿ, ಎಲ್ಲ ಅವನು ಬರುವ ಮೊದಲೇ ಮುಗಿದಿತ್ತು. ಪಕ್ಕದ ಮನೆಯ ಹೆಂಗಸು ಬೇಲಿಯ ಹತ್ತಿರ ಬಂದು, ಬಾಯಿ ತೆರೆಯದೆ, ಕೈಯಲ್ಲೇ 'ಮಲಗಿದ್ದಾನಾ?' ಎಂದು ಕೇಳಿ, ಹಾಗೇ ಹಿಂದೆ ಹೋದಳು. ಗೋಡೆಯ ಆ ಕಡೆಯಿಂದ ಗೊರಕೆ ಕೇಳಿಸುತ್ತಿತ್ತು. ಒಳ್ಳೆಯ, ನಿಶ್ಚಿಂತೆಯ ಗೊರಕೆ.

'ನಾನು ಬಂದು ಒಂದು ಪಾರ್ಟಿಷನ್ ಹೊಡೆದುಕೊಡ್ತೀನಿ' ಎಂದೆ, ನನಗೆ ಸಾಧ್ಯವಾದಷ್ಟು ಮೆಲ್ಲಗೆ. 'ಗ್ಲಾಸ್‌ವೂಲ್ ತುಂಬಿ, ಹೆಂಚಿನವರೆಗೂ. ನಿಮ್ಮಿಂದ ಏನೂ ಬೇಡ.'

'ಬ್ಯಾಡ ಬುಡಿ, ಗಾಳಿ ಬರಲ್ಲ. ಬೆಕ್ಕಿಗೂ ಜಾಗ ಇರಲ್ಲ' ಎಂದರು ಅವರು. ಆಮೇಲೆ, 'ನಿಮ್ಮ ಮಗಳು ಬಂದ್ರೆ ಹಗಲು ಮಲಗೋರು ಇಬ್ಬರಾಯ್ತಾರೆ, ಅಷ್ಟೇ. ನಂಗೇನು ಹೊಸದಲ್ಲ. ಮದುವೆ ಯಾವಾಗ ಇಟ್ಕೊಳ್ಳೋಣ ಹೇಳಿ.'

ನನ್ನ ಕಸುಬಿಗೆ ಇದಕ್ಕಿಂತ ದೊಡ್ಡ ಅವಮಾನವನ್ನು ನಾನು ಕಂಡಿಲ್ಲ. ಚಾನೆಲ್ ಇಲ್ಲ, ಬೋರ್ಡ್ ಇಲ್ಲ, ಸೀಲೆಂಟ್ ಇಲ್ಲ, ಗೋಡೆಯೇ ಅರ್ಧ, ಒಳಗೆ ಒಬ್ಬ ಹೊಡೆದು ಮಲಗಿಸಿದವನಂತೆ ನಿದ್ದೆ ಮಾಡುತ್ತಿದ್ದಾನೆ. ಇಂಥವರು ಹೆಚ್ಚಾದರೆ ನಾವು ಬೋರ್ಡ್ ಹೊಡೆಯುವವರು ಏನು ತಿನ್ನಬೇಕು?

ಕಾರ್ತೀಕದಲ್ಲಿ ಮದುವೆ ಎಂದು ಮಾತಾಡಿ ಬಂದೆವು. ಮನೆಗೆ ಬಂದಾಗ ಮಗಳು ದಿಂಬು ತಲೆಗೆ ಒತ್ತಿಕೊಂಡು ಮಲಗಿದ್ದಳು. ಹೆಂಡತಿ ಖುಷಿಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದಳು. ನಾನು ಹೋಗಿ ಸ್ವಿಚ್ಚು ಆರಿಸಿದೆ.

'ಯಾಕ್ರೀ?'

'ಮಲಗವ್ಳೆ.'

'ಇವತ್ತು ಗೊತ್ತಾಯ್ತಾ?' ಎಂದಳು.

ಅವತ್ತು ಸಂಜೆ ಮಗಳು ಡ್ಯೂಟಿಗೆ ಹೊರಡುವವರೆಗೆ ಕಾದೆ. ಅವಳ ಸ್ಕೂಟಿ ತಿರುವು ದಾಟಿದ ಮೇಲೆ ಏಣಿ ತಂದು ಹಾಲ್‌ನಲ್ಲಿ ನಿಲ್ಲಿಸಿದೆ. ಕೆಲಸದವರನ್ನು ಕರೆಯಲಿಲ್ಲ. ಕಮಲವನ್ನು ಇನ್ನೊಬ್ಬರು ಒಡೆಯುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ, ನಾನೇ ಒಡೆದೆ. ಒಂದು ಪಕ್ಕ ಮಾತ್ರ ಒಡೆಯೋಣವೆಂದುಕೊಂಡಿದ್ದೆ, ಆದರೆ ಅರ್ಧ ಕಮಲ ಎಲೆಕೋಸಿನಂತೆ ಕಂಡಿತು. ಪೂರ್ತಿ ತೆಗೆದೆ. ಮದುವೆಗೆ ಇನ್ನೂ ನಾಲ್ಕು ತಿಂಗಳಿತ್ತು, ಅಷ್ಟರಲ್ಲಿ ಹೋಗುವ ಹುಡುಗಿಗೆ ಯಾಕೆ ಇಷ್ಟೆಲ್ಲ ಎಂದು ಭಾಮೈದ ಕೇಳಿದ. ನಾಲ್ಕು ತಿಂಗಳ ಹಗಲು ನೀನು ಎದ್ದಿರು, ಆಮೇಲೆ ಹೇಳು ಎಂದೆ.

ಆಮೇಲಿನದು ನಾನು ಬಲ್ಲ ಕೆಲಸ. ಅವಳು ಮನೆಯಲ್ಲಿಲ್ಲದ ಹೊತ್ತು ನೋಡಿ ಮಾಡಿದೆ. ಚಾನೆಲ್ಲನ್ನು ಮೋಲ್ಡ್‌ವರೆಗೆ ಏರಿಸಿದೆ. ಎರಡು ಕಡೆಗೂ ಬೋರ್ಡು, ನಡುವೆ ಹಾಸು, ತಲೆಯ ಸಂದಿಗೆ ಸೀಲೆಂಟು. ಬೆರಳಿನಿಂದ ಸವರಿ ಸವರಿ ತುಂಬಿದೆ. ವೈರು ಹೋಗಿದ್ದ ತೂತುಗಳನ್ನೂ ಬಿಡಲಿಲ್ಲ. ಹಾಲ್‌ಗೆ ಒಂದು, ರೂಮಿಗೆ ಒಂದು, ಬೇರೆ ಬೇರೆ ಸಾದಾ ಸೀಲಿಂಗ್ ಹಾಕಿದೆ.

ಪೇಂಟು ಒಣಗಿದ ಮೇಲೆ ಹೆಂಡತಿಯನ್ನು ರೂಮಿಗೆ ಕಳಿಸಿ, ಬಾಗಿಲು ಹಾಕಿ, 'ಏನಾದ್ರೂ ಮಾತಾಡು' ಎಂದು ಹಾಲ್‌ನಲ್ಲಿ ನಿಂತೆ. ಕಿವಿಗೊಟ್ಟೆ. ಗೋಡೆಗೆ ಕಿವಿ ಆನಿಸಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು ಬಂದಳು. ಮುಖ ಹಗುರವಾಗಿತ್ತು.

'ಮಾತಾಡಿದ್ಯಾ?'

'ಹೂಂ. ಗಟ್ಟಿಯಾಗಿ. ಮದುವೆ ಆದಾಗಿಂದ ಹೇಳಬೇಕು ಅಂದ್ಕೊಂಡಿದ್ದೆಲ್ಲ ಹೇಳ್ದೆ.'

'ಏನಂದೆ?'

'ಕೇಳಿಸ್ಲಿಲ್ವಾ?'

'ಇಲ್ಲ.'

'ಅಂಗಾದ್ರೆ ಗೋಡೆ ಸರಿಯಾಗೈತೆ ಬುಡಿ' ಎಂದು ಅಡುಗೆಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಮಗಳು ಬಂದು, ಬಾಗಿಲು ಹಾಕಿಕೊಂಡು ಮಲಗಿದವಳು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಹೆಂಡತಿಗೆ ಗಾಬರಿಯಾಗಿ ಬಾಗಿಲು ತಟ್ಟಲು ಹೋದಳು, ನಾನು ತಡೆದೆ. ಸಂಜೆ ಎದ್ದು ಬಂದು, ಹೊಸ ಸೀಲಿಂಗನ್ನು ಸುತ್ತ ನೋಡಿ, 'ಕಮಲ ಮತ್ತೆ ಹಾಕಲ್ವಾ ಅಪ್ಪ?' ಎಂದಳು. ಧೂಳು ಹೊಡೆಯೋದು ಕಷ್ಟ ಅಂತ ಬಿಟ್ಟೆ ಎಂದೆ. ಅವಳು ಎರಡು ತಟ್ಟೆ ಅನ್ನ ಉಂಡು ಡ್ಯೂಟಿಗೆ ಹೋದಳು.

ಮದುವೆಯಾಯಿತು. ಈಗ ಅವಳು ಆ ಹೆಂಚಿನ ಮನೆಯಿಂದಲೇ ನೈಟ್ ಡ್ಯೂಟಿಗೆ ಹೋಗುತ್ತಾಳೆ. ಕೆಲಸ ಬಿಟ್ಟಿಲ್ಲ. ಅವರನ್ನು ನೋಡಲು ಹೋದಾಗ ನಾನು ಬಾಗಿಲಲ್ಲೇ ಚಪ್ಪಲಿಯನ್ನು ಸದ್ದಾಗದಂತೆ ಬಿಡುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಬೋಗಾದಿಯಲ್ಲಿ ಒಂದು ಮನೆ, ಒಬ್ಬ ಹೆಂಡತಿ, ಒಬ್ಬ ಮಗಳು, ಒಬ್ಬ ಅಳಿಯ, ಒಬ್ಬರು ಬೀಗಿತ್ತಿ. ಕೆಲಸಕ್ಕೆ ಐವರು ಗಂಡಾಳು, ಮೂರು ಡ್ರಿಲ್ಲು, ಎರಡು ಏಣಿ, ಒಂದು ಗೂಡ್ಸ್ ಆಟೋ. ಒಪ್ಪಿಕೊಂಡ ಕೆಲಸ ನಾಲ್ಕು, ಅದರಲ್ಲಿ ಗೋಡೆ ಮೋಲ್ಡ್ ಮುಟ್ಟಲಿ ಎಂದವರು ಒಬ್ಬರು.